ಪಾಪ ಎನ್ನುವವರ ಮನೆ

ಆ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಬಾಗಿಲ ಪಕ್ಕದಲ್ಲಿ ಮಷೀನು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗೆ ಅಳತೆ ಟೇಪು. ಆ ಮೇಜಿನ ಮುಂದೆ ನಿಂತೇ ಆಯುಸ್ಸು ಕಳೆದವಳನ್ನು ಬೀದಿಯವರೆಲ್ಲ ಮಾಸ್ಟರಮ್ಮ ಎಂದೇ ಕರೆಯುತ್ತಿದ್ದರು. ಈಗ ಅವಳು ಒಳಕೋಣೆಯ ಮಂಚಕ್ಕೆ ಒರಗಿಕೊಂಡು, ಮಗ ಕತ್ತರಿ ಆಡಿಸುವ ಸದ್ದಿನಲ್ಲೇ ಬಟ್ಟೆ ಹಾಳಾಗುತ್ತಿದೆಯೋ ಇಲ್ಲವೋ ಹೇಳುತ್ತಿದ್ದಳು.

"ಎಳೆ ನೋಡ್ಕೊಂಡು ಕತ್ತರಿಸೋ! ಅಡ್ಡಕ್ಕೆ ಹೋಗ್ತಿದೆ!"

"ನೀನು ಸುಮ್ನೆ ಮಲಗಮ್ಮ," ಎಂದು ಅಂಗಡಿಯಿಂದ ಉತ್ತರ ಬರುತ್ತಿತ್ತು.

ಅವಳ ಕಾಯಿಲೆಗಳು ಲೋಕಕ್ಕೇ ಗೊತ್ತಿರುವಂಥವು. ಸಕ್ಕರೆ ಕಾಯಿಲೆ ಹಳೆಯದು, ಮಂಡಿ ಸವೆತ ಅದರ ಜೊತೆಗೆ ಬಂದು ಸೇರಿಕೊಂಡದ್ದು. ಒಂದು ದಿನ ತಲೆ ಸುತ್ತಿ ಮೇಜಿನ ಬುಡದಲ್ಲಿ ಕುಸಿದದ್ದೇ ನೆಪವಾಯಿತು. ಆಸ್ಪತ್ರೆಯವರು ಅವಳನ್ನು ಬೇಗನೆ ಮನೆಗೆ ಕಳಿಸಿದರು, ಮನೆಯವರು ಮಂಚಕ್ಕೆ ಕಳಿಸಿದರು.

ಕಾಯಿಲೆಯವರನ್ನು ಅಲುಗಾಡಲು ಬಿಡಬಾರದೆಂಬುದು ಆ ಮನೆಯ ಪದ್ಧತಿ. ಆ ಮನೆಯದೊಂದೇ ಏನು, ಓದುಗರೇ, ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ. ರೋಗಿ ತಾನೇ ನೀರಿನ ಲೋಟ ಎತ್ತಿಕೊಂಡರೆ ನೋಡಿಕೊಳ್ಳುವವರಿಗೆ ಅವಮಾನ. ಈ ಪದ್ಧತಿಗೆ ಕಾವಲು ನಿಂತವಳು ಮಾಸ್ಟರಮ್ಮನ ಅಕ್ಕ. ಗಂಡ ತೀರಿಹೋದ ಮೇಲೆ ತಂಗಿಯ ಮನೆಗೇ ಬಂದು ನೆಲೆಸಿದ್ದಳು. ಪಾರ್ಶ್ವವಾಯು ಬಡಿದ ಗಂಡನನ್ನು ವರ್ಷಗಟ್ಟಲೆ ಹಾಸಿಗೆಯಲ್ಲೇ ಇಟ್ಟು, ಬಾಯಿಗೆ ತುತ್ತಿಟ್ಟು ನೋಡಿಕೊಂಡವಳು. ಒಂದು ದಿನವೂ ಅವನ ಕಾಲು ನೆಲಕ್ಕೆ ತಾಗಲು ಬಿಡಲಿಲ್ಲವೆಂದು ನೆಂಟರಿಷ್ಟರು ಇವತ್ತಿಗೂ ಹೊಗಳುತ್ತಾರೆ. ಬೆನ್ನೆಲ್ಲ ಹುಣ್ಣಾಗಿ, ಕಾಲು ಕಡ್ಡಿಯಾಗಿ ಆತ ಸತ್ತದ್ದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಆ ಮನೆಯಲ್ಲಿ ಬೆಳಗಾದರೆ ಕೇಳುತ್ತಿದ್ದ ಮಾತು "ಪಾಪ". ಮಾಸ್ಟರಮ್ಮ ಎದ್ದು ಕೂತರೆ, "ಪಾಪ, ಏನು ಬೇಕಂತೆ ನೋಡು." ಕೆಮ್ಮಿದರೆ ಪಾಪ. ನಕ್ಕರೂ, "ಪಾಪ, ಇಷ್ಟು ನೋವಲ್ಲೂ ನಗ್ತಾಳೆ." ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೈದುಬಿಡೋಣವೆಂದರೆ ಯಾರನ್ನು ಬೈಯುವುದು? ಹೊಡೆಯಲು ಬರುವವರ ಕೈ ಹಿಡಿಯಬಹುದು, ದಿಂಬು ಹಿಡಿದು ಬರುವವರನ್ನು ಏನು ಮಾಡುವುದು?

ಆಸ್ಪತ್ರೆಯಿಂದ ವ್ಯಾಯಾಮ ಹೇಳಿಕೊಡಲು ಒಬ್ಬಳು ಫಿಸಿಯೋ ಬರುತ್ತಿದ್ದಳು. ಚಿಕ್ಕ ವಯಸ್ಸಿನವಳು, ಮಾತು ಮೆತ್ತಗೆ. ಕುರ್ಚಿಯಿಂದ ನಿಧಾನವಾಗಿ ಏಳುವುದು, ಮತ್ತೆ ಕೂರುವುದು, ಮೇಜು ಹಿಡಿದು ಹಿಮ್ಮಡಿ ಎತ್ತುವುದು, ಅಷ್ಟೇ ಅವಳ ಪಾಠ.

"ಸವೆದಿರೋ ಮಂಡೀನ ಇನ್ನೂ ಸವೆಸೋಕೆ ಬಂದಿದ್ದೀಯೇನಮ್ಮ?" ಎಂದು ಅಕ್ಕ ಮೊದಲ ದಿನವೇ ತಡೆದಳು.

"ಇಲ್ಲ ಅಜ್ಜಿ, ತೊಡೆಯಲ್ಲಿ ಬಲ ಬಂದ್ರೆ ಮಂಡಿ ಮೇಲಿನ ಭಾರ ಕಡಿಮೆ ಆಗುತ್ತೆ. ನಡೆದಾಡಿದ್ರೆ ಸಕ್ಕರೆನೂ ಹಿಡಿತಕ್ಕೆ ಬರುತ್ತೆ. ಮಲಗಿಸೇ ಇಟ್ರೆ ಇರೋ ಬಲಾನೂ ಹೋಗುತ್ತೆ."

"ನೋವು ಬರಲ್ವಾ?"

"ಶುರುವಲ್ಲಿ ಸ್ವಲ್ಪ ಬರಬಹುದು. ಜಾಸ್ತಿ ಆದ್ರೆ ಕಡಿಮೆ ಮಾಡಿಸ್ತೀನಿ."

"ನೋಡಿದ್ಯಾ, ನೋವು ಬರುತ್ತೆ ಅಂತ ಅವಳೇ ಒಪ್ಕೊಂಡ್ಲು!" ಅಕ್ಕ ಮೊಕದ್ದಮೆ ಗೆದ್ದವಳಂತೆ ಸುತ್ತ ನೋಡಿದಳು.

ಮಾಸ್ಟರಮ್ಮ ಸುಮ್ಮನಿರಲಾರದೆ ಹೇಳಿದಳು: "ಅಕ್ಕಾ, ಮಷೀನು ಮೂಲೇಲಿಟ್ರೆ ತುಕ್ಕು ಹಿಡಿಯಲ್ವಾ?"

"ನೀನೇನು ಮಷೀನಾ? ನನ್ನ ಒಡಹುಟ್ಟಿದವಳು ಕಣೇ!" ಎಂದು ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಲ್ಲಿಗೆ ವಾದ ಮುಗಿಯಿತು. ಕಣ್ಣೀರಿನ ಎದುರು ತೊಡೆಯ ಬಲದ ಮಾತು ಯಾರಿಗೆ ಬೇಕು?

ಆದರೂ ಫಿಸಿಯೋ ಬರುವುದು ನಿಲ್ಲಲಿಲ್ಲ. ನಿಲ್ಲಿಸಿದ್ದು ಒಬ್ಬಳು ಗಿರಾಕಿ. ಬ್ಲೌಸು ಕೇಳಲು ಬಂದವಳು, "ಪಾಪ, ಹೆತ್ತಮ್ಮನ ಕೈಲಿ ಡ್ರಿಲ್ ಮಾಡಿಸ್ತಿದ್ದೀಯಂತೆ?" ಎಂದುಬಿಟ್ಟಳು. ಮಗನ ಮುಖ ಸಣ್ಣದಾಯಿತು. ಅದಕ್ಕೆ ದೊಡ್ಡಮ್ಮನ ಒಗ್ಗರಣೆ ಬೇರೆ: "ನಾನು ಹೇಳಲಿಲ್ವಾ? ಕೈಲಾಗದವರನ್ನ ನಡೆಸೋದು ಪಾಪ ಕಣೋ."

ಮಾರನೆಯ ದಿನದಿಂದ ಫಿಸಿಯೋ ಬರಲಿಲ್ಲ.

"ಬೇಡ ಅಂತ ಹೇಳೋ ಮುಂಚೆ ನನ್ನ ಒಂದು ಮಾತು ಕೇಳಿದ್ಯೇನೋ?" ಎಂದು ತಾಯಿ ಕೂಗಾಡಿದಳು.

"ನಿನ್ನ ಒಳ್ಳೇದಕ್ಕೇ ಅಮ್ಮ. ನಿನ್ನನ್ನ ರಾಣಿ ಥರ ನೋಡ್ಕೊಳ್ತೀನಿ," ಎಂದ ಮಗ. ಒಳ್ಳೆಯ ಹುಡುಗ, ಅದೇ ಸಂಕಟ.

ಅವಳು ಕಿಟಕಿ ಸರಳು ಹಿಡಿದು ಕದ್ದು ಹಿಮ್ಮಡಿ ಎತ್ತಿದಳು. ಅಕ್ಕ ಕಂಡು, ಮಂಚವನ್ನೇ ಕಿಟಕಿಯಿಂದ ದೂರ ಸರಿಸಿದಳು. ತಿಂಗಳುಗಳು ಉರುಳಿದವು. ಮಾತ್ರೆ ಹೆಚ್ಚಾದವು, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಕಾಲು ನಡುಗತೊಡಗಿದವು. ಆ ನಡುಕವನ್ನೇ ತೋರಿಸಿ ಎಲ್ಲರೂ, "ನೋಡು, ಇದಕ್ಕೇ ಬೇಡ ಅಂದಿದ್ದು," ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಟೇಪು ತರಿಸಿಕೊಂಡು ತನ್ನ ತೊಡೆಯ ಸುತ್ತಳತೆ ಹಿಡಿದಳು. ಬೆರಳು ಅಲ್ಲೇ ನಿಂತುಬಿಟ್ಟಿತು. ಭಾವನ ಪೈಜಾಮಗಳನ್ನು ಹೊಲಿದುಕೊಟ್ಟವಳು ಅವಳೇ. ಪ್ರತಿ ಸಲವೂ ಕಾಲಿನ ಅಗಲ ಕಡಿಮೆ ಮಾಡುತ್ತ ಹೋಗಿದ್ದಳು. ತಾನೂ ಈಗ ಅದೇ ದಾರಿಯಲ್ಲಿದ್ದೇನೆಂದು ತಿಳಿದು ಅವಳಿಗೆ ಹೆದರಿಕೆಯಾಯಿತು.

ಅದೇ ವಾರ ಅಕ್ಕ ಅಟ್ಟದಿಂದ ಒಂದು ಕುರ್ಚಿ ಇಳಿಸಿದಳು. ನಡುವೆ ತೂತು, ಕೆಳಗೆ ಬಕೀಟು, ಹೊಸ ಮೆತ್ತೆ.

"ಇದು ಭಾವನದ್ದಲ್ವಾ?"

"ಹೂಂ ಕಣೇ, ಚೆನ್ನಾಗಿ ತೊಳೆದಿದ್ದೀನಿ. ಇನ್ನು ಬಚ್ಚಲಿಗೂ ನೀನು ನಡೀಬೇಕಾಗಿಲ್ಲ." ಅಕ್ಕನ ಮುಖದಲ್ಲಿ ಅಷ್ಟು ಪ್ರೀತಿಯಿತ್ತು.

ಮಾಸ್ಟರಮ್ಮ ಹೊದಿಕೆ ಸರಿಸಿ ಕಾಲು ಕೆಳಗಿಟ್ಟಳು. ಕುರ್ಚಿಯ ತೋಳುಗಳನ್ನು ಹಿಡಿದು ಭಾರ ಹಾಕಿ ಎದ್ದಳು.

"ಅಯ್ಯೋ ಬೀಳ್ತಾಳೆ! ಹಿಡ್ಕೊಳೋ ಅವಳನ್ನ!"

"ಯಾರಾದ್ರೂ ಮುಟ್ಟಿದ್ರೆ ನೋಡಿ!"

ಗೋಡೆ ಹಿಡಿದು, ನಿಂತು, ಉಸಿರು ಎಳೆದುಕೊಂಡು, ಅವಳು ಅಂಗಡಿಯವರೆಗೆ ಬಂದಳು. ಮಂಡಿ ಚುರ್ ಎಂದಿತು, ಎನ್ನಲಿ. ಮೇಜಿನ ಅಂಚು ಕೈಗೆ ಸಿಕ್ಕಿತು. ಅದೇ ಗಿರಾಕಿ ಅಲ್ಲಿ ಕೂತಿದ್ದಳು.

"ಪಾಪ, ಯಾಕೆ ಎದ್ದು..."

"ಇನ್ನೊಂದು ಸಲ ಪಾಪ ಅಂದ್ರೆ ನಿಮ್ಮ ಬ್ಲೌಸಿಗೆ ಒಂದೇ ತೋಳಿಡ್ತೀನಿ," ಎಂದು ಮಾಸ್ಟರಮ್ಮ ಹಿಮ್ಮಡಿ ಎತ್ತಿದಳು, ಇಳಿಸಿದಳು. ಮಗನತ್ತ ತಿರುಗಿ, "ಆ ಹುಡುಗೀಗೆ ಫೋನ್ ಮಾಡು. ಬರೋಕೆ ಹೇಳು. ಕಾಲು ನಂದು, ಕೇಳೋದಿದ್ರೆ ನನ್ನ ಕೇಳು," ಎಂದಳು. ಮಗ ಕತ್ತರಿ ಕೆಳಗಿಟ್ಟು ಫೋನು ತೆಗೆದುಕೊಂಡ.

ಅಕ್ಕ ಬಾಗಿಲಲ್ಲಿ ನಿಂತು, ಏರಿಳಿಯುತ್ತಿದ್ದ ಆ ಹಿಮ್ಮಡಿಗಳನ್ನೇ ನೋಡುತ್ತಿದ್ದಳು.

"ಒಂದು ಸಲ ಅವರೂ ಹೀಗೇ ಕಾಲು ಕೆಳಗಿಟ್ಟಿದ್ರು ಕಣೇ. ನಾನೇ ಎತ್ತಿ ಮೇಲಿಟ್ಟೆ. ಅವರೂ ಎದ್ದು ನಿಲ್ತಿದ್ರಾ?"

ಪಾಪ ಎಂಬ ಮಾತು ಮಾಸ್ಟರಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಗೊತ್ತಿಲ್ಲ ಅಕ್ಕ. ನಾವು ಬಿಡಲಿಲ್ವಲ್ಲ."