ಮಗಳು ಹೌದು, ಅರ್ಜಿ ಎಲ್ಲಿ?

ಆಸ್ಟ್ರೇಲಿಯಾದ ನಮ್ಮವರ ಮನೆಗಳಲ್ಲಿ ಒಂದು ಮಾತು ಸುಮ್ಮನೆ ಓಡಾಡುತ್ತಿರುತ್ತದೆ: "ಯಜಮಾನ್ರಿಗೆ ಸಿಟಿಜನ್‌ಶಿಪ್ ಆಯ್ತಲ್ಲ, ಇನ್ನು ಮಕ್ಳದ್ದು ತಾನಾಗೇ ಆಗುತ್ತೆ." ಯಾರು ಹೇಳಿದರು ಎಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಸಿಡ್ನಿಯ ಟೂಂಗಾಬಿಯಲ್ಲಿರುವ ಚಂದ್ರಶೇಖರನಿಗೂ ನೆನಪಿರಲಿಲ್ಲ. ಆದರೆ ಆ ಮಾತನ್ನು ಅವನು ಕಣ್ಣುಮುಚ್ಚಿ ನಂಬಿದ್ದ.

ಅವನು ಕೌನ್ಸಿಲ್ ಹಾಲ್‌ನಲ್ಲಿ ಪ್ರತಿಜ್ಞೆ ಮಾಡಿ ಆಸ್ಟ್ರೇಲಿಯಾದ ಪೌರನಾಗಿ ಇನ್ನೂ ಎರಡು ವಾರವಾಗಿರಲಿಲ್ಲ. ಬಂದವರಿಗೆಲ್ಲ ಸರ್ಟಿಫಿಕೇಟ್ ತೋರಿಸಿ ತೋರಿಸಿ ಅದರ ಪ್ಲಾಸ್ಟಿಕ್ ಕವರ್ ಆಗಲೇ ಸುಕ್ಕುಗಟ್ಟಿತ್ತು. ಜೂನ್ ತಿಂಗಳ ಲಾಂಗ್ ವೀಕೆಂಡಿಗೆ ಮೆಲ್ಬರ್ನ್‌ನಿಂದ ಗ್ಲೆನಿಟಾ ಬಂದಿದ್ದಳು. ಅವಳೂ ಚಂದ್ರಶೇಖರನ ಹೆಂಡತಿ ಭಾಗೀರಥಿಯೂ ಮಂಗಳೂರಿನ ಕಾಲೇಜಿನಲ್ಲಿ ಒಂದೇ ಹಾಸ್ಟೆಲ್ ರೂಮಿನಲ್ಲಿದ್ದವರು. ಭಾಗೀರಥಿ ಪೆಂಡಲ್ ಹಿಲ್ ಅಂಗಡಿಯಿಂದ ತಂದ ಸಬ್ಬಸಿಗೆ ಸೊಪ್ಪು ಹಾಕಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಚಂದ್ರಶೇಖರ ಗ್ಲೆನಿಟಾಳಿಗೂ ಸರ್ಟಿಫಿಕೇಟ್ ತೋರಿಸುವ ಕಾರ್ಯಕ್ರಮ ಮುಗಿಸಿದ.

"ನಮ್ಮನೇಲಿ ಈಗ ಇಬ್ರು ಆಸ್ಟ್ರೇಲಿಯನ್ಸ್. ನಾನೊಬ್ಬ, ನನ್ ಮಗಳು ಅನಘಾ ಒಬ್ಳು. ಭಾಗೀ ಒಬ್ಳೇ ಇಂಡಿಯನ್. ಇನ್ಮೇಲೆ ಕ್ರಿಕೆಟ್ ಮ್ಯಾಚ್ ದಿನ ನೋಡ್ಬೇಕು ನಮ್ಮನೆ ಜಗಳ!" ಎಂದ.

ಗ್ಲೆನಿಟಾ ನಕ್ಕಳು. ಆಮೇಲೆ ಕೇಳಿದಳು, "ಅನಘಾಂದು ಯಾವಾಗ ಅಪ್ಲೈ ಮಾಡಿದ್ದು?"

"ಅಪ್ಲೈ ಯಾಕೆ? ಅವಳಿಗೆ ಪಿಆರ್ ಇದೆ, ಇಲ್ಲೇ ಖಾಯಂ ಇರ್ಬಹುದು. ನಂದು ಸಿಟಿಜನ್‌ಶಿಪ್ ಆಯ್ತು. ಅಪ್ಪಂದು ಆದ್ಮೇಲೆ ಮಗಳದ್ದು ಆದಂಗೇ ಅಲ್ವಾ?"

ಗ್ಲೆನಿಟಾ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಗೆ ಇಟ್ಟಳು.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಅನಘಾ ಭಾಗೀರಥಿಯ ಮೊದಲ ಗಂಡ ಪ್ರತಾಪನ ಮಗಳು. ಪ್ರತಾಪ ಕಾಯಿಲೆ ಬಿದ್ದು ತೀರಿಕೊಂಡಾಗ ಮಗು ಒಂದನೇ ಕ್ಲಾಸಿನಲ್ಲಿತ್ತು. ಕೆಲವು ವರ್ಷಗಳ ಮೇಲೆ ತುಮಕೂರಿನ ಒಂದು ಸಣ್ಣ ದೇವಸ್ಥಾನದಲ್ಲಿ ಭಾಗೀರಥಿಗೂ ಚಂದ್ರಶೇಖರನಿಗೂ ಮದುವೆಯಾಯಿತು. ತಾಳಿ ಕಟ್ಟಿದ ಮೇಲೆ ಪುರೋಹಿತರು ಮಗುವನ್ನು ಕರೆದು ಚಂದ್ರಶೇಖರನ ತೊಡೆಯ ಮೇಲೆ ಕೂರಿಸಿದರು. ಅದರ ಕೈಗೆ ಅಕ್ಕಿ ಬೆಲ್ಲ ಹಾಕಿ, ಇವನ ಗೋತ್ರ ಹೇಳಿ, "ಇವತ್ತಿಂದ ಇವಳು ನಿಮ್ಮ ಮಗಳು" ಎಂದರು. ಅವತ್ತು ಮಂಟಪದಲ್ಲಿ ಕಣ್ಣೊರೆಸಿಕೊಳ್ಳದವರು ಯಾರೂ ಇರಲಿಲ್ಲ. ಅಷ್ಟಾದ ಮೇಲೆ ಇನ್ನೇನು ಬಾಕಿ ಎಂಬುದೇ ಚಂದ್ರಶೇಖರನ ಲೆಕ್ಕಾಚಾರ.

"ತೊಡೆ ಮೇಲೆ ಕೂರಿಸ್ಕೊಂಡಿದ್ದೀನಿ ಗ್ಲೆನಿಟಾ ಅವ್ರೆ. ಮಂತ್ರ ಹೇಳಿದಾರೆ. ಫೋಟೋ ಇದೆ ಬೇಕಾದ್ರೆ," ಎಂದ.

"ಇರ್ಲಿ ಚಂದ್ರು ಅವ್ರೆ, ಅದು ಸಣ್ಣ ವಿಷಯ ಅಲ್ಲ. ನೀವು ಅವಳನ್ನ ಹೇಗೆ ನೋಡ್ಕೊಳ್ತೀರಿ ಅಂತ ನಂಗೆ ಗೊತ್ತುಂಟು. ಆದ್ರೆ ಇಲ್ಲಿಯ ಕಾನೂನಿಗೆ ಆ ಫೋಟೋ ಸಾಕಾಗೋದಿಲ್ಲ. ಮಲಮಗಳಿಗೆ ನಿಮ್ಮ ಸಿಟಿಜನ್‌ಶಿಪ್ ತಾನಾಗಿ ಬರೋದಿಲ್ಲ. ಹೆತ್ತವರು ಇಲ್ಲಾ ದತ್ತು ತಗೊಂಡವರು, ಇಲ್ಲಾ ಕೋರ್ಟ್ ಆರ್ಡರ್ ಇರೋರು ಮಾತ್ರ ಮಗುವಿನ ಪರವಾಗಿ ಅಪ್ಲೈ ಮಾಡ್ಬಹುದು. ಅವಳಿಗೆ ಅಂಥವ್ರು ಭಾಗೀರಥಿ ಒಬ್ಳೇ."

"ಅಂದ್ರೆ ನಾನು ಯಾರೂ ಅಲ್ವಾ?"

ಕಾವಲಿಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು.

ಗ್ಲೆನಿಟಾ ಮೆಲ್ಲಗೆ ಹೇಳಿದಳು. "ನಾನೂ ಹೀಗೇ ಕೇಳಿದ್ದೆ ಮಾರಾಯ್ರೇ. ನಮ್ಮ ಲಿಯೋನ್ ನನ್ನ ಹೊಟ್ಟೇಲಿ ಹುಟ್ಟಿದವ ಅಲ್ಲ. ನನ್ನ ಗಂಡ ಹರ್ಮನ್‌ರ ಮೊದಲ ಹೆಂಡತಿಯ ಮಗ. ನಾನು ಸಿಟಿಜನ್, ಹರ್ಮನ್ ಪಿಆರ್. ನನ್ನದರ ಜೊತೆ ಹುಡುಗನದ್ದೂ ಆಯ್ತು ಅಂತ ನಾವು ಆರಾಮಾಗಿದ್ವಿ. ಪಿಯು ಥರ ಇಲ್ಲಿ ಹನ್ನೆರಡನೇ ಇಯರ್ ಮುಗ್ಸಿ, ಯೂನಿವರ್ಸಿಟಿಯಲ್ಲಿ ಸೀಟ್ ಸಿಕ್ಕಿದಾಗ ಗೊತ್ತಾಯ್ತು. ಸಿಟಿಜನ್ ಮಕ್ಕಳಿಗೆ ಫೀಸಿಗೆ ಸರ್ಕಾರ ಸಾಲ ಕೊಡ್ತದೆ. ಪಿಆರ್ ಆದ್ರೆ ಕೊಡೋದಿಲ್ಲ. ಆಗ ಅಪ್ಲೈ ಮಾಡೋಣ ಅಂದ್ರೆ ಅವನಿಗೆ ಹದಿನಾರು ಯಾವಾಗಲೋ ದಾಟಿತ್ತು."

"ಹದಿನಾರು ದಾಟಿದ್ರೆ ಏನಾಗುತ್ತೆ?" ಭಾಗೀರಥಿ ಒಲೆ ಆರಿಸಿ ಹತ್ತಿರ ಬಂದಳು.

"ಹದಿನಾರರ ಒಳಗೆ ಇದ್ರೆ, ತಾಯಿ ಇಲ್ಲಾ ತಂದೆ ಹಾಕೋ ಅರ್ಜಿಯಲ್ಲೇ ಮಗುವಿನ ಹೆಸರು ಸೇರಿಸ್ಬಹುದು. ಮಗುವಿಗೆ ಪಿಆರ್ ಇದ್ರೆ ಆಯ್ತು, ಇಷ್ಟು ವರ್ಷ ಇಲ್ಲೇ ಇದ್ದಿರ್ಬೇಕು ಅಂತ ಕೇಳೋದಿಲ್ಲ. ಹದಿನಾರು ತುಂಬಿತೋ, ಬೇರೆಯಾಗೇ ಅಪ್ಲೈ ಮಾಡ್ಬೇಕು. ದೊಡ್ಡವರ ಹಾಗೆ ನಾಲ್ಕು ವರ್ಷ ಇಲ್ಲಿ ವಾಸ ತೋರಿಸ್ಬೇಕು, ಅದ್ರಲ್ಲಿ ಹೊರಗೆ ಇದ್ದದ್ದು ಒಂದು ವರ್ಷಕ್ಕಿಂತ ಜಾಸ್ತಿ ಇರ್ಬಾರ್ದು. ನಮ್ಮ ಲಿಯೋನ್ ಹತ್ತನೇ ಕ್ಲಾಸಿನ ತನಕ ಮಂಗಳೂರಲ್ಲಿ ಅಜ್ಜಿ ಮನೇಲಿ ಇದ್ದು ಓದಿದವ. ಎಲ್ಲಿಂದ ತೋರಿಸೋದು? ಒಂದು ವರ್ಷ ಓದು ಬಿಟ್ಟು ಅಂಗಡಿ ಕೆಲಸಕ್ಕೆ ಹೋದ, ಪಾಪ."

ಭಾಗೀರಥಿ ಗಂಡನ ಮುಖ ನೋಡಿದಳು. ಅನಘಾಳದ್ದೂ ಅದೇ ಕಥೆ. ಪಿಆರ್ ಬಂದಾಗ ಒಮ್ಮೆ ಬಂದು ಹೋಗಿದ್ದ ಹುಡುಗಿ, ಎಂಟನೇ ಕ್ಲಾಸು ಮುಗಿಯುವ ತನಕ ತುಮಕೂರಿನಲ್ಲಿ ಅಜ್ಜಿಯ ಹತ್ತಿರವೇ ಉಳಿದಿದ್ದಳು. ಸಿಡ್ನಿಗೆ ಬಂದು ಎರಡು ವರ್ಷವಾಗಿತ್ತು ಅಷ್ಟೆ.

"ಆಗಸ್ಟಿಗೆ ಅವಳಿಗೆ ಹದಿನಾರು," ಎಂದಳು ಭಾಗೀರಥಿ. ಅವಳ ಸ್ವರ ಅಷ್ಟು ಸಣ್ಣದಾಗಿದ್ದದ್ದನ್ನು ಚಂದ್ರಶೇಖರ ಎಂದೂ ಕೇಳಿರಲಿಲ್ಲ.

ಅವನು ಬಟ್ಟೆ ಒಣಗಿಸುವ ನೆಪ ಮಾಡಿಕೊಂಡು ಹಿತ್ತಲಿಗೆ ಹೋದ. ಅವನಿಗೆ ಗ್ಲೆನಿಟಾಳ ಮೇಲೆ ಸಿಟ್ಟು ಬಂದಿತ್ತು. ಕಾನೂನಿನ ಮೇಲೆ ಸಿಟ್ಟು ಬಂದಿತ್ತು. ಜ್ವರ ಬಂದಾಗ ಪಕ್ಕದಲ್ಲಿ ಕೂತವನು, ಗಣಿತ ಹೇಳಿಕೊಟ್ಟವನು, ಸ್ಟೇಷನ್ನಿಗೆ ದಿನಾ ಬಿಟ್ಟು ಬರುವವನು ತಾನು. ಈ ಊರಿನ ಕಾಗದಕ್ಕೆ ತಾನು ಏನೂ ಅಲ್ಲವೇ? ಒಂದು ಟವೆಲ್ಲನ್ನು ಮೂರು ಸಲ ಕೊಡವಿ ಮೂರು ಸಲವೂ ವಕ್ರವಾಗಿ ಹಾಕಿದ.

ಅನಘಾ ಕ್ಲಿಪ್ಪಿನ ಬುಟ್ಟಿ ಹಿಡಿದು ಹಿಂದೆಯೇ ಬಂದಳು. ಒಳಗಿನ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ಅಂಕಲ್, ನಂಗೆ ಸಿಟಿಜನ್‌ಶಿಪ್ ಬೇಡ," ಎಂದಳು.

"ಯಾಕೆ ಪುಟ್ಟಾ?"

ಅವಳು ಕ್ಲಿಪ್ಪುಗಳನ್ನು ಬಣ್ಣ ನೋಡಿ ಜೋಡಿಸುತ್ತಾ ನಿಂತಳು. "ಅದು ಬಂದ್ರೆ ನನ್ನ ಹೆಸ್ರು ಚೇಂಜ್ ಆಗುತ್ತಲ್ವಾ? ಅನಘಾ ಪ್ರತಾಪ್ ಹೋಗಿ ಅನಘಾ ಚಂದ್ರಶೇಖರ್ ಆಗುತ್ತೆ. ನೀವು ಫೋನಲ್ಲಿ ಯಾರ್ ಹತ್ರಾನೋ ಹೇಳ್ತಿದ್ರಿ. ನಿಮ್ ಮೇಲೆ ನಂಗೇನೂ ಕೋಪ ಇಲ್ಲ ಅಂಕಲ್, ಪ್ರಾಮಿಸ್. ಆದ್ರೆ ಅಪ್ಪನ ಮುಖಾನೇ ಸರಿಯಾಗಿ ನೆನಪಿಲ್ಲ ನಂಗೆ. ಹೆಸ್ರೊಂದೇ ಇರೋದು."

ಚಂದ್ರಶೇಖರ ಹಾಗೆ ಹೇಳಿದ್ದು ನಿಜ, ಖುಷಿಯಿಂದಲೇ ಹೇಳಿದ್ದ. ಈ ಹುಡುಗಿ ಅದನ್ನು ಕೇಳಿಸಿಕೊಂಡು, ಒಳಗೇ ಇಟ್ಟುಕೊಂಡು, ದಿನಾ ಬೆಳಿಗ್ಗೆ ಅವನ ಕಾರಿನಲ್ಲಿ ಕೂತು ಬಾಯ್ ಹೇಳಿ ಹೋಗುತ್ತಿದ್ದಳು. ಇಷ್ಟು ಹೊತ್ತು ತನ್ನ ನೋವನ್ನೇ ದೊಡ್ಡದು ಮಾಡಿಕೊಂಡದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಟವೆಲ್ ಅಲ್ಲೇ ಬಿಟ್ಟು, ಹುಡುಗಿಯ ಕೈ ಹಿಡಿದು ಸೀದಾ ಅಡುಗೆಮನೆಗೆ ಬಂದ.

"ಗ್ಲೆನಿಟಾ ಅವ್ರೆ, ಮೊದ್ಲು ಇದನ್ನ ಹೇಳಿ. ಇವಳ ಹೆಸ್ರು ಬದಲಾಯಿಸ್ಬೇಕಾ?"

"ಯಾರು ಹೇಳಿದ್ದು ನಿಮ್ಗೆ? ಬರ್ತ್ ಸರ್ಟಿಫಿಕೇಟಲ್ಲಿ, ಪಾಸ್‌ಪೋರ್ಟಲ್ಲಿ ಇರೋ ಹೆಸರೇ ಹಾಕೋದು. ತಂದೆ ಪ್ರತಾಪ್ ಅಂದ್ರೆ ಪ್ರತಾಪೇ. ಯಾರೂ ಅಳಿಸೋದಿಲ್ಲ ಮಗಾ," ಎಂದು ಗ್ಲೆನಿಟಾ ಹುಡುಗಿಯ ತಲೆ ಸವರಿದಳು.

ಅನಘಾ ಕಾವಲಿಯಿಂದ ಸೀದ ರೊಟ್ಟಿಯನ್ನೇ ತೆಗೆದು ತಿನ್ನತೊಡಗಿದಳು. ಅವಳಿಗೆ ಸಮಾಧಾನವಾಯಿತು ಎಂದರೆ ಹೊಟ್ಟೆ ಹಸಿಯುತ್ತದೆ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಈಗ ಭಾಗೀರಥಿಯ ಸರದಿ. ಅವಳು ಅರ್ಜಿ ಹಾಕಲು ಬೇಕಾದಷ್ಟು ವರ್ಷ ಇಲ್ಲಿ ವಾಸವಿದ್ದಳು. ಆದರೂ ಇಷ್ಟು ದಿನ ಮುಂದೂಡುತ್ತಲೇ ಬಂದಿದ್ದಳು.

"ಇಂಡಿಯನ್ ಪಾಸ್‌ಪೋರ್ಟ್ ವಾಪಸ್ ಕೊಡ್ಬೇಕಲ್ಲ ಗ್ಲೆನಿ. ಅಮ್ಮ ಅಲ್ಲಿ ಒಬ್ರೇ ಇದಾರೆ. ಏನಾದ್ರೂ ಆದ್ರೆ ನಮ್ಮೂರಿಗೆ ಹೋಗಕ್ಕೆ ನಾನು ವೀಸಾ ಕೇಳ್ಬೇಕಾ?"

"ಎರಡೂ ಇಟ್ಕೊಳ್ಳೋಕೆ ಇಂಡಿಯಾ ಬಿಡೋದಿಲ್ಲ, ಅದು ಹೌದು. ಆದ್ರೆ ಓಸಿಐ ಕಾರ್ಡ್ ಉಂಟಲ್ಲ. ಅದು ಕೈಗೆ ಬಂದ್ಮೇಲೆ ಬೇಕಾದಾಗ ಹೋಗ್ಬಹುದು, ಪ್ರತಿ ಸಲ ವೀಸಾ ಬೇಡ. ಅದು ಬರೋಕೆ ಸ್ವಲ್ಪ ವಾರ ಹಿಡೀತದೆ, ಅಷ್ಟರೊಳಗೆ ಹೋಗ್ಬೇಕಾದ್ರೆ ಮಾತ್ರ ವೀಸಾ. ಸುಳ್ಳು ಹೇಳೋದಿಲ್ಲ ನಾನು."

ಚಂದ್ರಶೇಖರ ಇನ್ನೂ ಪೂರ್ತಿ ಬಗ್ಗಿರಲಿಲ್ಲ. "ಬೇಜಾರ್ ಮಾಡ್ಕೋಬೇಡಿ. ಇದೆಲ್ಲ ನೀವು ಹೇಳ್ತಿದ್ದೀರಿ, ಸರಿ. ಇನ್ನೊಬ್ರು ಬೇರೆ ಹೇಳ್ತಾರೆ. ಯಾರ ಮಾತು ನಂಬೋದು?"

"ನನ್ನ ಮಾತೂ ನಂಬ್ಬೇಡಿ, ವಾಟ್ಸಾಪ್ ಗ್ರೂಪ್ ಅಂತೂ ಬೇಡವೇ ಬೇಡ," ಎಂದಳು ಗ್ಲೆನಿಟಾ. "ಸರ್ಕಾರದ ಇಮಿಗ್ರೇಷನ್ ವೆಬ್‌ಸೈಟ್ ಓದಿ. ಅರ್ಥ ಆಗದಿದ್ರೆ ಕಮ್ಯುನಿಟಿ ಲೀಗಲ್ ಸೆಂಟರ್‌ನಲ್ಲಿ ಉಚಿತವಾಗಿ ಹೇಳ್ತಾರೆ. ರಿಜಿಸ್ಟರ್ಡ್ ಏಜೆಂಟ್ ಆದ್ರೂ ಆಗ್ತದೆ. ಕೇಳಿ, ಆದ್ರೆ ಈ ವಾರವೇ ಕೇಳಿ."

ರಜೆ ಮುಗಿದ ಮರುದಿನವೇ ಗಂಡ ಹೆಂಡತಿ ಲೀಗಲ್ ಸೆಂಟರಿಗೆ ಹೋದರು. ಅಲ್ಲಿನ ವಕೀಲೆ ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡಳು. ಮಲತಂದೆಗೂ ದಾರಿ ಇಲ್ಲವೆಂದಲ್ಲ, ಮಗು ಅವನ ಜೊತೆ ಇರಬೇಕು, ಅದರ ಹೊಣೆ ಅವನದು ಎಂದು ಫ್ಯಾಮಿಲಿ ಕೋರ್ಟಿನಿಂದ ಆದೇಶ ತರಬಹುದು, ಆದರೆ ಅದಕ್ಕೆ ಸಮಯ ಬೇಕು ಎಂದಳು. ತಾಯಿ ಪೌರಳಾಗದೆ ಮಗುವಿನ ಅರ್ಜಿ ಮಾತ್ರ ಬೇರೆ ಹಾಕಿದರೆ ತಾಯಿಯ ಒಪ್ಪಿಗೆ ಬೇಕು, ಪೌರತ್ವ ಸಿಗದಿದ್ದರೆ ಮಗುವಿಗೆ ದೊಡ್ಡ ತೊಂದರೆಯಾಗುತ್ತದೆ ಎಂದೂ ತೋರಿಸಬೇಕಾಗುತ್ತದೆ. ತಾಯಿಯೇ ಅರ್ಜಿ ಹಾಕಿ ಮಗಳನ್ನು ಸೇರಿಸುವುದು ಇವರಿಗೆ ಎಲ್ಲಕ್ಕಿಂತ ಸುಲಭ. "ಅರ್ಜಿ ಹಾಕಿದ ದಿನ ಮಗುವಿನ ವಯಸ್ಸು ಹದಿನಾರರೊಳಗೆ ಇರಬೇಕು. ಆಮೇಲೆ ತುಂಬಿದರೆ ಚಿಂತೆಯಿಲ್ಲ," ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು.

ಮನೆಗೆ ಬಂದು ಭಾಗೀರಥಿ ತುಮಕೂರಿಗೆ ಫೋನ್ ಮಾಡಿದಳು. ಪಾಸ್‌ಪೋರ್ಟಿನ ವಿಷಯ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಕೊನೆಗೆ ಹೇಳಿಯೇಬಿಟ್ಟಳು.

"ನೀನು ಯಾವ ದೇಶದ್ ಪಾಸ್‌ಪೋರ್ಟ್ ಹಿಡ್ಕೊಂಡ್ ಬಂದ್ರೂ ನಾನು ಬಾಗ್ಲು ತೆಗೀತೀನಿ ಕಣೇ," ಎಂದಳು ಅಮ್ಮ. "ಮಗೂದ್ ಮೊದ್ಲು ನೋಡು. ಅದ್ಕೆ ಆಮೇಲೆ ಓದು ನಿಂತೋದ್ರೆ ನಾನು ಸುಮ್ನಿರಲ್ಲ."

ಭಾಗೀರಥಿ ಅಳುತ್ತಲೂ ನಗುತ್ತಲೂ ಫೋನ್ ಇಟ್ಟಳು. ಆ ಭಾನುವಾರ ಮೂವರೂ ಊಟದ ಮೇಜಿನ ಸುತ್ತ ಕೂತರು. ಚಂದ್ರಶೇಖರನೇ ಲ್ಯಾಪ್‌ಟಾಪ್ ಎಳೆದುಕೊಂಡ. ತಾಯಿ ಎಂಬಲ್ಲಿ ಭಾಗೀರಥಿ ಎಂದು ಬರೆದ. ತಂದೆ ಎಂಬಲ್ಲಿಗೆ ಬಂದಾಗ ಒಂದು ಗಳಿಗೆ ಬೆರಳು ನಿಂತಿತು. ಆಮೇಲೆ ಒಂದೊಂದೇ ಅಕ್ಷರ ಒತ್ತಿ ಪ್ರತಾಪ್ ಎಂದು ಬರೆದ. ಮರಣದ ಸರ್ಟಿಫಿಕೇಟನ್ನು ಅವನೇ ಸ್ಕ್ಯಾನ್ ಮಾಡಿ ಸೇರಿಸಿದ.

"ಅಂಕಲ್, ನಿಮ್ ಹೆಸ್ರು ಎಲ್ಲಿ ಬರುತ್ತೆ?" ಎಂದು ಅನಘಾ ಪರದೆಗೆ ಬಗ್ಗಿ ಹುಡುಕಿದಳು.

"ನಿನ್ನ ಪಾಲಿನಲ್ಲಿ ಎಲ್ಲೂ ಬರಲ್ಲ ಪುಟ್ಟಾ. ಬರದಿದ್ರೂ ಪರವಾಗಿಲ್ಲ. ನಿಂದು ಬಂತಲ್ಲ, ಅಷ್ಟು ಸಾಕು," ಎಂದ. ಹೇಳುವಾಗ ಅವನಿಗೆ ನಿಜವಾಗಿಯೂ ಪರವಾಗಿಲ್ಲ ಎನಿಸಿತ್ತು.

ಆಗಸ್ಟ್ ಬಂತು, ಅನಘಾಳಿಗೆ ಹದಿನಾರು ತುಂಬಿತು. ಅರ್ಜಿ ಅದಕ್ಕೆ ಮೊದಲೇ ಹೋಗಿತ್ತು. ಭಾಗೀರಥಿ ಹುಡುಗಿಯ ಹಾಗೆ ರಾತ್ರಿ ಹಗಲು ಓದಿ ಪೌರತ್ವದ ಪರೀಕ್ಷೆ ಪಾಸಾದಳು. ಅನಘಾಳಿಗೆ ಪರೀಕ್ಷೆ ಇರಲಿಲ್ಲ, ಆದರೆ ಅಮ್ಮನಿಗೆ ಪ್ರಶ್ನೆ ಕೇಳಿ ಗೋಳು ಹೊಯ್ದುಕೊಳ್ಳುವ ಅವಕಾಶವನ್ನು ಅವಳು ಬಿಡಲಿಲ್ಲ.

ಮುಂದಿನ ವರ್ಷ ಒಂದು ಬಿಸಿಲಿನ ಬೆಳಿಗ್ಗೆ ಕೌನ್ಸಿಲ್ ಹಾಲ್‌ನಲ್ಲಿ ತಾಯಿ ಪ್ರತಿಜ್ಞೆ ಮಾಡಿದಳು, ಅವಳ ಜೊತೆಗೇ ಮಗಳೂ ಪೌರಳಾದಳು. ಗ್ಲೆನಿಟಾ ಮೆಲ್ಬರ್ನ್‌ನಿಂದ ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದಳು. ಕೊನೆಗೆ ಹೊಸ ಪೌರರ ಕುಟುಂಬಗಳನ್ನು ಫೋಟೋಗೆ ಕರೆದರು. ಚಂದ್ರಶೇಖರ ಇಬ್ಬರ ಬ್ಯಾಗುಗಳನ್ನೂ ಹೆಗಲಿಗೆ ಹಾಕಿಕೊಂಡು ಪಕ್ಕಕ್ಕೆ ಸರಿದು ನಿಂತ. ಅನಘಾ ವೇದಿಕೆಯಿಂದ ಇಳಿದು ಬಂದಳು. ಅವನ ಹೆಗಲಿನಿಂದ ಬ್ಯಾಗುಗಳನ್ನು ತೆಗೆದು ಕುರ್ಚಿಯ ಮೇಲಿಟ್ಟಳು.

"ಬನ್ನಿ ಅಂಕಲ್. ನೀವು ಮಧ್ಯ ನಿಂತ್ಕೊಳ್ಳಿ," ಎಂದು ತೋಳು ಹಿಡಿದು ಎಳೆದುಕೊಂಡು ಹೋದಳು.

ಆ ಫೋಟೋದಲ್ಲಿ ಚಂದ್ರಶೇಖರನ ಕಣ್ಣು ಮುಚ್ಚಿಕೊಂಡಿದೆ. ಅತ್ತಿದ್ದಕ್ಕೆ ಹಾಗಾಯಿತು ಎಂದು ಭಾಗೀರಥಿ ಹೇಳುತ್ತಾಳೆ, ಬಿಸಿಲಿಗೆ ಎಂದು ಅವನು ಹೇಳುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಮಗುವಿದೆಯೇ? ನೀವು ಹೆರದೆ ಸಾಕಿದ, ಪಿಆರ್ ಇರುವ ಮಗು? ಹಾಗಾದರೆ ಇವತ್ತೇ ಅದರ ವಯಸ್ಸು ನೋಡಿ. ಹದಿನಾರು ತುಂಬಿಲ್ಲವಾದರೆ, ಹೆತ್ತ ತಾಯಿಯೋ ತಂದೆಯೋ ಹಾಕುವ ಅರ್ಜಿಯಲ್ಲಿ ಹೆಸರು ಸೇರಿಸಬಹುದೇ ಎಂದು ವಿಚಾರಿಸಿ. ತುಂಬಿದ್ದರೂ ಕೈಚೆಲ್ಲಿ ಕೂರಬೇಡಿ, ಬೇರೆ ದಾರಿಗಳಿವೆ, ಕೇಳಿ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಅರ್ಜಿ ಹಾಕುವ ಮುನ್ನ ಸರ್ಕಾರದ ವೆಬ್‌ಸೈಟನ್ನೋ ಉಚಿತ ಕಾನೂನು ಕೇಂದ್ರವನ್ನೋ ಕೇಳಿ ಖಚಿತ ಮಾಡಿಕೊಳ್ಳಿ. ಆ ಮಗು ನಿಮ್ಮದು ಎಂದು ನಿಮಗೆ ಗೊತ್ತು, ಮಗುವಿಗೂ ಗೊತ್ತು. ಈ ದೇಶಕ್ಕೆ ಮಾತ್ರ ನೀವು ಹೇಳಬೇಕು, ಹೊತ್ತು ಮೀರುವ ಮೊದಲು ಹೇಳಿ.