ಗುಳಿಗೆ ಪೊಟ್ಟಣದ ಎಳೆ

"ದಾರ ಎಲ್ಲೈತೆ?" ಎನ್ನುತ್ತ ಜಂಪಣ್ಣ ಮಗ್ಗದ ಬಳಿ ತಡಕಾಡಿ, ಮಿಕ್ಕಿದ್ದ ರೇಷ್ಮೆ ಎಳೆಗಳನ್ನು ಹೊಸೆದು ತಂದ. ತೀರಿಕೊಂಡಿದ್ದ ಹೆಂಡತಿ ಚಿತ್ತಮ್ಮನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಬೇಕಿತ್ತು. ಪಕ್ಕದ ಮನೆಯ ಚೌಡೇಶ ಅದನ್ನು ಈಸಿಕೊಂಡು ಗಂಟು ಹಾಕಿದ. ಹಾಕಿದ ಮೇಲೆ ನೋಡಿದ, ಎಳೆ ಹಸಿರು.

"ಮಾವ, ನಾನು ಆಸ್ಪತ್ರೆಗೆ ಹೊರಟಾಗ ಅತ್ತೆ ಮಗ್ಗದಾಗೆ ಕೆಂಪು ಇತ್ತಲ್ಲ?"

"ನೀನು ಆಸ್ಪತ್ರೆಗೆ ಹೋಗಿದ್ದಾಗ್ಲೇ ಆ ಸೀರೆ ಇಳಿಸಿ ಹಸಿರು ಏರ್ಸಿದ್ವಲ್ಲೋ."

ಚೌಡೇಶ ತಾನು ಹಾಕಿದ ಗಂಟನ್ನು ಮತ್ತೆ ಬೆರಳಿಂದ ಮುಟ್ಟಿ ನೋಡಿದ.

*

ದೇವಸಮುದ್ರದಿಂದಾಚೆಯ ಆ ಹಟ್ಟಿಯಿಂದ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ನೇಯ್ಗೆ ಹಾಳು. ಬಸ್ಸಿನ ರಸ್ತೆ ಮುಟ್ಟುವಷ್ಟರಲ್ಲೇ ಬಿಸಿಲು ನೆತ್ತಿಗೇರುತ್ತಿತ್ತು. ಅದಕ್ಕೇ ಒಬ್ಬರು ಹೋಗಿ ಎಲ್ಲರ ಗುಳಿಗೆ ತರುವ ಪಾಳಿ. ಹೊರಡುವಾಗ ಪ್ರತಿ ಮನೆಯ ಮಗ್ಗದಿಂದ ಒಂದು ಎಳೆ ಈಸಿಕೊಳ್ಳುವುದು, ಅವರ ಪೊಟ್ಟಣಕ್ಕೆ ಅದನ್ನೇ ಸುತ್ತುವುದು, ಬಂದ ಮೇಲೆ ಮಗ್ಗದ ಬಣ್ಣ ನೋಡಿ ಕೊಡುವುದು. ಓದು ಬಾರದವರಿಗೂ ಬಣ್ಣ ತಪ್ಪುತ್ತಿರಲಿಲ್ಲ.

ಹಿಂದಿನ ಸಲ ಪಾಳಿ ಚೌಡೇಶನದು. ಚಿತ್ತಮ್ಮ ಬಿಪಿ ಗುಳಿಗೆಗೆಂದು ಕೆಂಪು ಎಳೆ ಕೊಟ್ಟಳು. ಎದುರುಮನೆಯ ಹುಚ್ಚಕ್ಕ ಸಕ್ಕರೆ ಕಾಯಿಲೆಯ ಗುಳಿಗೆಗೆಂದು ಹಸಿರು ಕೊಟ್ಟಳು.

"ಮರೀಬ್ಯಾಡ ಕಣಪ್ಪ, ತಲೆ ಸಿಡೀತೈತೆ," ಎಂದಿದ್ದಳು ಚಿತ್ತಮ್ಮ.

ಮರೆಯಲಿಲ್ಲ. ಬರುವಾಗ ಬಸ್ಸು ತಪ್ಪಿತು. ಬಿ.ಜಿ. ಕೆರೆಯ ಅಕ್ಕನ ಮನೆಯಲ್ಲಿ ಉಳಿದವನು ಜ್ವರ ಬಂದು ಅಲ್ಲೇ ಕೆಲವು ದಿನ ಮಲಗಿಬಿಟ್ಟ. ಅಷ್ಟರಲ್ಲಿ ನೇಯಲು ನೂಲು ಕೊಡುವ ಸಾವುಕಾರರು ಹೊಸ ಸೀರೆಗಳಿಗೆ ಬೇರೆ ಬಣ್ಣದ ಹಾಸುನೂಲು ಕೊಟ್ಟಿದ್ದರು. ಚಿತ್ತಮ್ಮನ ಮಗ್ಗಕ್ಕೆ ಹಸಿರು ಏರಿತ್ತು, ಹುಚ್ಚಕ್ಕನದಕ್ಕೆ ಕೆಂಪು. ಬಣ್ಣ ಇರುವಾಗ ನೆನಪಿನ ಗೊಡವೆಗೆ ಯಾರು ಹೋಗುತ್ತಾರೆ? ಚೌಡೇಶ ಹಸಿರು ಕಂಡಲ್ಲಿ ಹಸಿರು ಕೊಟ್ಟ, ಕೆಂಪು ಕಂಡಲ್ಲಿ ಕೆಂಪು ಕೊಟ್ಟ. ಎಳೆ ಮಗ್ಗಕ್ಕೆ ಹೊಂದಿದ್ದರಿಂದಲೂ, ಗುಳಿಗೆಯ ರೂಪ ಆಗಾಗ ಬದಲಾಗುತ್ತಿದ್ದುದರಿಂದಲೂ ಹೆಂಗಸರಿಗೂ ಅನುಮಾನ ಬರಲಿಲ್ಲ.

*

ಮಣ್ಣು ಮಾಡಿ ಬಂದ ಮೇಲೆ ಜಂಪಣ್ಣ ಜಗುಲಿಯಲ್ಲಿ ಕುಸಿದು ಕೂತ. "ಒಂದಿನಾನೂ ತಪ್ಸಿಲ್ಲ ಕಣೋ. ನೀನು ತಂದ್ಕೊಟ್ಟ ಗುಳಿಗೆ ದಿನಾ ನುಂಗಿದ್ಲು. ಆದ್ರೂ ಯಾಕಿಂಗಾತು?"

ಗುಳಿಗೆಯಿಂದಲೇ ಹೋದಳೋ, ಹೋಗುವ ಗಳಿಗೆಯೇ ಬಂದಿತ್ತೋ, ಹೇಳುವವರು ಯಾರು? ಎದುರುಮನೆಯವಳ ಕೈಯಲ್ಲಿ ಇನ್ನೊಂದು ಪೊಟ್ಟಣವಿರುವುದು ನೆನಪಾಗಿ ಚೌಡೇಶನಿಗೆ ಭಯವಾಯಿತು. ಎದ್ದು ಹುಚ್ಚಕ್ಕನ ಮನೆಗೆ ಹೋದ.

"ಅಕ್ಕ, ನಿನ್ನ ಗುಳಿಗೆ ನುಂಗಬ್ಯಾಡ. ಅದು ಅತ್ತೇದು. ಅದಲುಬದಲಾಗೈತೆ."

ಹುಚ್ಚಕ್ಕ ಕೆಂಪು ಎಳೆಯ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅದಕ್ಕೇ ಏನೋ ನಂಗೂ ತಲೆ ತಿರುಗ್ತೈತೆ. ಹಂಗಾರೆ ಅವಳ ಮನೇಲಿರೋದು ನುಂಗ್ಲಾ?"

ಹೌದು ಎನ್ನಲು ಹೋದವನು ತಡೆದ. ಆಸ್ಪತ್ರೆಯಲ್ಲಿ ಸುತ್ತುವಾಗಲಾದರೂ ಸರಿಯಾಗಿ ಸುತ್ತಿದ್ದೆನೇ? ಅದೂ ಈಗ ನೆನಪಾಗಲೊಲ್ಲದು.

"ಗೊತ್ತಿಲ್ಲ ಕಣಕ್ಕ. ನಾಳೆ ಆಸ್ಪತ್ರೆಗೆ ಹೋಗಾನ. ನೀನೇ ಬಾ."

ಎದುರು ಜಗುಲಿಯಲ್ಲಿದ್ದ ಜಂಪಣ್ಣನಿಗೆ ಆಸ್ಪತ್ರೆ ಅನ್ನುವುದಷ್ಟೇ ಕೇಳಿಸಿತು. ಒಳಗೆ ಹೋಗಿ, ಮಗ್ಗದಿಂದ ಒಂದು ಹಸಿರು ಎಳೆ ಹರಿದು ತಂದು ಚೌಡೇಶನ ಮುಂದೆ ಹಿಡಿದ.

"ನಾಳೆ ಹೋಗ್ತೀಯಾ? ನಮ್ಮವಳಿಗೂ..." ಎಂದವನಿಗೆ ಆಗಷ್ಟೇ ಅವಳಿಲ್ಲವೆಂಬುದು ನೆನಪಾಯಿತು.

ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಚೌಡೇಶ ಆ ಎಳೆಯನ್ನು ಈಸಿಕೊಂಡು ಅಂಗಿಯ ಜೇಬಿಗೆ ಹಾಕಿದ.