ಯಾರ ಹಿಟ್ಟೋ ಅವರ ಮೀನು

ಬೆಂಡು ಅಲುಗಲಿಲ್ಲ. ಗಂಟೆ ಎಂಟೂಕಾಲು. ಟಾಲಿಗಂಜಿನ ಪಾರ್ಕಿನ ಕೆರೆಯೊಳಕ್ಕೆ ಚಾಚಿದ ಬಿದಿರಿನ ಅಟ್ಟಣೆಯ ಮೇಲೆ ಶರಣಪ್ಪ ಗಾಳದ ಕೋಲು ಹಿಡಿದು ಕೂತಿದ್ದ. ಹಿಂದೆ ದಡದ ಬೆಂಚಿನ ಮೇಲೆ ಬೀಗರಾದ ಪರಿಮಲಬಾಬು ತೊಡೆಯ ಮೇಲೊಂದು ಹಿತ್ತಾಳೆ ಪರಾತ ಇಟ್ಟುಕೊಂಡು ಕಾಯುತ್ತಿದ್ದರು. ಮಗನ ಮೈಗೆ ಮುಟ್ಟಿಸಿ ತಂದ ಅರಿಷಿಣದ ಬಟ್ಟಲು, ಕುಂಕುಮ, ಒಂದಿಷ್ಟು ಭತ್ತ ಮತ್ತು ಗರಿಕೆ, ಗೊಂಬೆಗೆ ಉಡಿಸುವಷ್ಟು ಚಿಕ್ಕದೊಂದು ಕೆಂಪು ಸೀರೆ, ಎಲ್ಲವೂ ಪರಾತದಲ್ಲಿದ್ದವು. ಸೀರೆ ಉಡಬೇಕಾದ ಮೀನು ಮಾತ್ರ ಇನ್ನೂ ನೀರೊಳಗೇ ಇತ್ತು.

"ಬರುತ್ತದೆಯೇ?" ಪರಿಮಲಬಾಬು ಹಿಂದಿಯಲ್ಲಿ ಕೇಳಿದರು.

"ಬರದೆ ಎಲ್ಲಿಗೆ ಹೋದೀತು? ಈ ಕೆರೆಗೆ ಹಿಂಬಾಗಿಲಿಲ್ಲ," ಎಂದ ಶರಣಪ್ಪ, ತಿರುಗಿಯೂ ನೋಡದೆ.

ಶರಣಪ್ಪನಿಗೆ ತನ್ನ ಗಾಳದ ಮೇಲಿದ್ದ ನಂಬಿಕೆ ಸಣ್ಣದಲ್ಲ. ಗದಗಿನ ಕಡೆಯ ಲಿಂಗಾಯತರ ಮನೆಯವನು, ಮೆಟ್ರೋ ರೈಲ್ವೆಯ ಸಿಗ್ನಲ್ ವಿಭಾಗದವನು. ಮೀನು ತಿನ್ನುವುದಿರಲಿ, ಮೀನಿನ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡೇ ನಡೆಯುವ ಮನುಷ್ಯ. ಆದರೆ ಹದಿನಾರು ವರ್ಷದಿಂದ ಭಾನುವಾರ ತಪ್ಪದೆ ಇದೇ ಅಟ್ಟಣೆಯ ಮೇಲೆ ಕೂತು ಮೀನು ಹಿಡಿದಿದ್ದ, ಹಿಡಿದದ್ದನ್ನೆಲ್ಲ ನೀರಿಗೇ ಬಿಟ್ಟಿದ್ದ. ಅಷ್ಟಷ್ಟು ದಪ್ಪ ರೋಹುಗಳು ಹಾಗೆ ವಾಪಸು ಹೋಗುವುದನ್ನು ಕಂಡು ಪಕ್ಕದ ಅಟ್ಟಣೆಯ ಬಿಶುದಾ ಹಣೆ ಚಚ್ಚಿಕೊಳ್ಳುತ್ತಿದ್ದ. ಶರಣಪ್ಪನೊಬ್ಬ ಹುಚ್ಚನೆಂದು ಕೆರೆಗೆ ಕೆರೆಯೇ ಒಪ್ಪಿತ್ತು. ಆದರೂ ಹೊಸಬರನ್ನು ಕಲಿಯಲಿಕ್ಕೆ ಅವನ ಬಳಿಗೇ ಕಳಿಸುತ್ತಿದ್ದರು.

ಅವನ ಮಗಳು ವರ್ಷಿಣಿ ಮತ್ತು ಪರಿಮಲಬಾಬುಗಳ ಮಗ ಸೆಕ್ಟರ್ ಫೈವಿನ ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿದ್ದರು. ಮದುವೆಯಾಗುತ್ತೇವೆಂದರು, ಎರಡೂ ಮನೆಯವರು ಹೂಂ ಎಂದರು. ಜಾತಿ, ಭಾಷೆ ಯಾವುದೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಮೀನು. ಬಂಗಾಳಿಗಳ ಪದ್ಧತಿಯಂತೆ ಅರಿಷಿಣದ ದಿನ ಗಂಡಿನ ಮನೆಯಿಂದ ಅರಿಷಿಣದ ಜೊತೆಗೆ ಮದುಮಗಳ ಹಾಗೆ ಸಿಂಗರಿಸಿದ ರೋಹು ಮೀನೂ ಹೆಣ್ಣಿನ ಮನೆಗೆ ಹೋಗಬೇಕು. ಮೀನಿಲ್ಲದೆ ಅರಿಷಿಣ ಹೊರಡುವುದಿಲ್ಲ ಎಂದರು ಪರಿಮಲಬಾಬುಗಳ ತಾಯಿ, ಎಂಬತ್ತನಾಲ್ಕರ ಅಜ್ಜಿ.

"ಮೀನ ನನ್ನ ಹೊಸ್ತಿಲಾ ದಾಟಿತಂದ್ರ ನಾ ಮಂಟಪಕ್ಕ ಬರಂಗಿಲ್ಲ," ಎಂದಳು ಶರಣಪ್ಪನ ಹೆಂಡತಿ ಕೋಕಿಲಾ. "ಮಗಳ ಲಗ್ನ ನೀವ ಮಾಡ್ಕೋರಿ."

ಕೋಕಿಲಾ ಅಂದರೆ ಅಂದಳೇ. ಇಂಥದ್ದೇ ಒಂದು ಮಾತಿಗೆ ಸ್ವಂತ ಅಕ್ಕನ ಮಗನ ಮದುವೆಗೂ ಹೋಗದೆ ಉಳಿದವಳು. ಶರಣಪ್ಪನೇ ದಾರಿ ಹುಡುಕಿದ. ಕೊಡುವುದೂ ತೆಗೆದುಕೊಳ್ಳುವುದೂ ಕೆರೆಯ ದಂಡೆಯ ಮೇಲೇ ಆಗಲಿ. ನಾನು ಹಿಡಿಯುತ್ತೇನೆ, ನೀವು ಸಿಂಗರಿಸಿ ಕೊಡಿ, ನಾನು ತೆಗೆದುಕೊಂಡು ನೀರಿಗೆ ಬಿಡುತ್ತೇನೆ. ಅಜ್ಜಿ ಒಂದು ಇಡೀ ದಿನ ಯೋಚಿಸಿ ಒಪ್ಪಿದರು. ಆದರೆ ಒಳ್ಳೆಯ ಗಳಿಗೆ ಹತ್ತಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಸಿಗದಿದ್ದರೆ ಮಾರ್ಕೆಟ್ಟಿನ ಮೀನು ಹೆಣ್ಣಿನ ಮನೆಗೇ ಹೋಗುತ್ತದೆ. ಆ ಮೀನು ಈಗ ಬೆಂಚಿನ ಕೆಳಗೆ ನೈಲಾನ್ ಚೀಲದಲ್ಲಿ ಬಾಲ ಹೊರಗೆ ಹಾಕಿಕೊಂಡು ಮಲಗಿತ್ತು.

ಒಂಬತ್ತಾಯಿತು. ಬಿಶುದಾನ ಬೆಂಡು ಎರಡು ಸಲ ಮುಳುಗಿತು. ಶರಣಪ್ಪ ಗಾಳ ಎಳೆದು ನೋಡಿದ. ಕಟ್ಟಿದ ಹಿಟ್ಟಿನ ಉಂಡೆ ಕಟ್ಟಿದಂತೆಯೇ ಇತ್ತು. ಹೊಸದು ಕಟ್ಟಿ ಎಸೆದ. ಅದೂ ಹಾಗೇ ಬಂತು. ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು.

"ಅಪ್ಪಾ, ಸಿಕ್ತಾ?" ವರ್ಷಿಣಿ ಪಿಸುಗುಟ್ಟಿದಳು. "ಎವ್ರಿಬಡಿ ಈಸ್ ವೇಟಿಂಗ್. ಅಮ್ಮ ಅಲ್ಲಿಗೇ ಬರ್ತಾ ಇದಾಳೆ. ಶಿ ಈಸ್ ವೆರಿ ಆಂಗ್ರಿ."

"ಸಿಗತೈತವ್ವಾ. ನೀ ಮಣಿ ಮ್ಯಾಗಿಂದ ಏಳಬ್ಯಾಡ," ಎಂದ. ದನಿ ಗಟ್ಟಿಯಾಗಿಯೇ ಇತ್ತು.

ಕೋಕಿಲಾ ರೇಷ್ಮೆ ಸೀರೆಯಲ್ಲೇ ಬಂದಳು, ಕೈಯಲ್ಲಿ ಸ್ಟೀಲ್ ಡಬ್ಬಿ. ಹದಿನಾರು ವರ್ಷದಲ್ಲಿ ಅವಳು ಈ ಕೆರೆಗೆ ಕಾಲಿಟ್ಟದ್ದು ಇದೇ ಮೊದಲು. ಬೀಗರಿಗೆ ಕೈಮುಗಿದಳು, ನೈಲಾನ್ ಚೀಲ ನೋಡಿ ಮುಖ ತಿರುಗಿಸಿದಳು, ನೆಟ್ಟಗೆ ಅಟ್ಟಣೆಗೆ ನಡೆದಳು.

"ಇನ್ನೂ ಎಷ್ಟೊತ್ತರೀ? ಪೋರಿ ಹಸಗೊಂಡು ಕುಂತೈತಿ. ನೀವೂ ಒಂದ ತುತ್ತು ತಿಂದಿಲ್ಲ. ರೊಟ್ಟಿ ತಂದೀನಿ."

"ಮೀನಕ್ಕ ಏನಾಗೇತೋ ತಿಳೀವಲ್ದು. ಮೂಸಿ ಸುದ್ದಾ ನೋಡವಲ್ದು."

ಡಬ್ಬಿಗೆ ಚಾಚಿದ ಅವನ ಕೈಯನ್ನು ಕೋಕಿಲಾ ನೋಡಿದಳು. ಉಗುರಿನ ಸಂದಿಯೆಲ್ಲ ಹಳದಿ. "ನಸುಕಿನ್ಯಾಗ ನಿಮ್ಮಕ್ಕಾರು ಅರಿಷಿಣ ಎಣ್ಣಿ ಹಚ್ಚಿದ್ದು ಹೋಗೇ ಇಲ್ಲಲ್ರೀ."

ಶರಣಪ್ಪ ಅಂಗೈ ಮೂಸಿದ. ಅರಿಷಿಣ, ಕೊಬ್ಬರಿ ಎಣ್ಣೆ, ಅದರ ಮೇಲೆ ಗಂಧದ ಸಾಬೂನು. ಗಾಳ ಹಾಕುವ ದಿನ ಕೈಗೆ ಸಾಬೂನು ತಾಗಿಸಬೇಡಿ, ಎಣ್ಣೆ ಮುಟ್ಟಬೇಡಿ, ಮೀನಿಗೆ ನಮಗಿಂತ ಚುರುಕು ಮೂಗು ಎಂದು ಹದಿನಾರು ವರ್ಷ ಊರಿಗೆಲ್ಲ ಪಾಠ ಹೇಳಿದವನು ಇವನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಆ ಬೆಳಿಗ್ಗೆ ಮೊದಲ ಸಲ ಅವನಿಗೆ ಹೆದರಿಕೆಯಾಯಿತು. ಮಗಳ ಮಂಟಪದಲ್ಲಿ ತಾಯಿಯ ಜಾಗ ಖಾಲಿ ಇರುವುದು ಕಣ್ಣಿಗೇ ಕಟ್ಟಿತು.

ಬಿಶುದಾನ ಹಿಟ್ಟು ಕೇಳುವ ಹಾಗಿರಲಿಲ್ಲ. ಯಾರ ಹಿಟ್ಟೋ ಅವರ ಮೀನು ಎನ್ನುವುದು ಈ ಕೆರೆಯ ಹಳೆಯ ಕಟ್ಟಳೆ. ಕೇಳಿದರೆ ಮೀನು ಬಿಶುದಾನದ್ದಾಗುತ್ತದೆ, ಹೆಣ್ಣಿನ ಮನೆಯದ್ದಲ್ಲ.

"ನಿನ್ನ ಕೈಗೆ ಅರಿಷಿಣ ಹತ್ತೇತೇನು?" ಎಂದು ಹೆಂಡತಿಯನ್ನು ಕೇಳಿದ.

"ನನಗೆಲ್ಲಿ ಪುರಸೊತ್ತು? ನಾಕಕ್ಕ ಎದ್ದು ಬರೇ ರೊಟ್ಟಿ ಬಡಿಯೂದ ಆಗೇತಿ."

"ಹಂಗಾರ ಒಂದೀಟು ಹಿಟ್ಟ ನೀನ ನಾದಿ ಕೊಡು."

"ಮೀನ ಕೊಲ್ಲಾಕ ನಾ ಹಿಟ್ಟ ನಾದ್ಲೇನು?"

"ಹದಿನಾರು ವರ್ಷದಾಗ ಒಂದೂ ಕೊಂದಿಲ್ಲ. ಬಿಶುದಾನ್ನ ಕೇಳು."

ಕೋಕಿಲಾ ಬೆಂಚಿನ ಕೆಳಗಿನ ಚೀಲವನ್ನೊಮ್ಮೆ ನೋಡಿದಳು, ಬೀಗರ ಪರಾತದಲ್ಲಿದ್ದ ಪುಟ್ಟ ಸೀರೆಯನ್ನೊಮ್ಮೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಜೋಳದ ರೊಟ್ಟಿಯನ್ನು ಡಬ್ಬಿಯ ಮುಚ್ಚಳಕ್ಕೆ ಮುರಿದು ಹಾಕಿ, ಕೆರೆಯ ನೀರು ಚಿಮುಕಿಸಿ, ಚಿಟಿಕೆ ಶೇಂಗಾ ಚಟ್ನಿಪುಡಿ ಬೆರೆಸಿ, ಎರಡು ತಿಂಗಳ ಸಿಟ್ಟನ್ನೆಲ್ಲ ಅದರ ಮೇಲೆ ಹಾಕಿ ನಾದಿದಳು. ಅವನು ಹೇಳಿಕೊಟ್ಟಂತೆ ಗಾಳದ ಮೊನೆ ಮುಚ್ಚಿ ಉಂಡೆ ಕಟ್ಟಿದ್ದೂ ಅವಳೇ. ಅವನು ಕೋಲನ್ನಷ್ಟೇ ಮುಟ್ಟಿದ.

ಒಂಬತ್ತೂ ನಲವತ್ತಕ್ಕೆ ಬೆಂಡು ಒಮ್ಮೆ ನಡುಗಿತು. ಆಮೇಲೆ ಸರಕ್ಕನೆ ಒಳಗೆ ಹೋಯಿತು.

"ಹೋತು! ಹೋತಲ್ರೀ!" ಎಂದು ಕೂಗಿದವಳು ಕೋಕಿಲಾ.

ದಾರ ಕೆರೆಯ ನಡುವಿನ ತನಕ ಓಡಿತು. ಶರಣಪ್ಪ ಬಿಟ್ಟ, ಎಳೆದ, ಮತ್ತೆ ಬಿಟ್ಟ. ಈಗ ಅವನ ಕೈಯಲ್ಲಿ ಅನುಮಾನವಿರಲಿಲ್ಲ. ಹತ್ತಕ್ಕೆ ಎಂಟು ನಿಮಿಷವಿರುವಾಗ ಬಿಶುದಾ ಬಲೆ ಒಡ್ಡಿ ಮೀನನ್ನು ಎತ್ತಿದ. ಕೆಂಪು ರೆಕ್ಕೆಯ ತುಂಬು ರೋಹು, ಮೂರು ಕಿಲೋಗೆ ಕಡಿಮೆಯಿಲ್ಲ. ಒದ್ದೆ ಗೋಣಿಯ ಮೇಲೆ ಮಲಗಿಸಿ, ಪರಿಮಲಬಾಬು ಅದರ ಹಣೆಗೆ ಅರಿಷಿಣ ಕುಂಕುಮವಿಟ್ಟು, ಕೆಂಪು ಸೀರೆಯನ್ನು ನೀರಲ್ಲಿ ಅದ್ದಿ ಸುತ್ತಿದರು. ಮನೆಗೆ ಫೋನು ಹಚ್ಚಿದರು. ಪುಟ್ಟ ಮೊಬೈಲಿನೊಳಗಿಂದ ಹೆಂಗಸರು ನಾಲಿಗೆ ಹೊರಳಿಸಿ ಹೊರಡಿಸುವ ಮಂಗಳದ ಉಲುಧ್ವನಿ ಕೇಳಿಸಿತು, ಎಲ್ಲಕ್ಕಿಂತ ಮೇಲೆ ಅಜ್ಜಿಯದು.

ಪರಿಮಲಬಾಬು ಮೀನನ್ನೆತ್ತಿ ಶರಣಪ್ಪನ ಕಡೆ ಚಾಚಿದರು. ಬಿಶುದಾ ತಡೆದ.

"ಅವರಿಗಲ್ಲ. ಹಿಟ್ಟು ಬೌದಿಯದು, ಅತ್ತಿಗೆಯದು," ಎಂದ. "ಯಾರ ಹಿಟ್ಟೋ ಅವರ ಮೀನು."

ಎಲ್ಲರೂ ಕೋಕಿಲಾಳನ್ನು ನೋಡಿದರು. ಅವಳು ಮುಂದೆ ಬಂದು, ಸೆರಗೊಡ್ಡಿ, ಒದ್ದೆ ಸೀರೆಯ ಆ ಜೀವವನ್ನು ತೆಗೆದುಕೊಂಡಳು. ಅದು ಒಮ್ಮೆ ಮಿಡುಕಿತು. ಅವಳು ಹಸುಗೂಸನ್ನು ಅವಚಿಕೊಂಡಂತೆ ಅವಚಿಕೊಂಡು ನೀರಿನ ಮೆಟ್ಟಿಲಿಗೆ ಇಳಿದಳು.

"ಆ ಭತ್ತ ಈ ಕಡೆ ಕೊಡ್ರಿ," ಎಂದಳು. "ಉಡಿ ತುಂಬದ ಬರೇ ಹಂಗ ಹೆಂಗ ಕಳಸೂದು?"

ಒಂದು ಹಿಡಿ ಭತ್ತವನ್ನು ಸೀರೆಯ ಮಡಿಕೆಗೆ ಹಾಕಿ ಮೀನನ್ನು ನೀರಿಗಿಳಿಸಿದಳು. ಅದರ ಸೀರೆ ಬಿಚ್ಚಿದಳು. "ಹೋಗವ್ವಾ," ಎಂದಳು. "ನಿನ್ನ ಮನಿಗೆ ನೀ ಹೋಗು." ಮೀನು ಅವಳ ಅಂಗೈಗಳ ನಡುವೆ ಒಂದು ಗಳಿಗೆ ನಿಂತು ಉಸಿರಾಡಿ, ಬಾಲ ತಿರುವಿ ಹೋಯಿತು.

"ಹತ್ತಾತು, ನಡಿ," ಎಂದ ಶರಣಪ್ಪ ಮೆಲ್ಲಗೆ. "ಅರಿಷಿಣಕ್ಕ ಪೋರಿ ಕಾಯಾಕತ್ತೇತಿ."

"ಒಂದೀಟ ನಿಂದರ್ರಿ."

ಅವಳು ನೀರಿನಿಂದ ಕೈ ತೆಗೆಯಲಿಲ್ಲ. ಭತ್ತದ ಕಾಳು ಬಳೆಗಳ ಸುತ್ತ ತೇಲುತ್ತಿತ್ತು. ಸಣ್ಣ ಮೀನುಗಳು ಒಂದೊಂದಾಗಿ ಬಂದು ಅದಕ್ಕೆ ಬಾಯಿ ಹಾಕತೊಡಗಿದವು.